ತಿಳಿಗುಲಾಬಿ

ಬ್ಯುರೆಟ್ ಸ್ಟ್ಯಾಂಡಿಗೆ ಫೋನು ಕಟ್ಟಿದ್ದು
ಅಟೆಂಡರ್ ಗಿಲ್ಬರ್ಟ್ ಮೊಂತೇರೊ.
ರಬ್ಬರ್ ನಳಿಕೆ ಎರಡು ಸುತ್ತು, ಮೇಲೊಂದು ಗಂಟು.
"ಇದು ಬಿಚ್ಚುವುದಿಲ್ಲ ಮೇಡಂ, ಬೇಕಾದರೆ ಕತ್ತರಿಸಬೇಕು."

ಸ್ಟೂಲುಗಳೆಲ್ಲ ಮೇಜಿನ ಮೇಲೆ
ಕಾಲು ಮೇಲೆ ಮಾಡಿ ಮಲಗಿದ್ದವು.
ಕಿಟಕಿಯಾಚೆ ಹಂಪನಕಟ್ಟೆ.
ಬಸ್ಸಿಲ್ಲ, ಕಂಡಕ್ಟರನ ಸೀಟಿಯಿಲ್ಲ.
ಇಪ್ಪತ್ತು ವರ್ಷ ಆ ಸೀಟಿಗೆ ಬೈಯುತ್ತಲೇ
ಪಾಠ ಮಾಡಿದವಳು ನಾನು,
ಈಗ ಪ್ರತಿ ವಾಕ್ಯದ ಕೊನೆಗೂ
ಒಂದು ಕ್ಷಣ ನಿಂತು ಕಾಯುತ್ತಿದ್ದೆ.

ಪಿಪೆಟ್ಟಿನಲ್ಲಿ ಇಪ್ಪತ್ತು ಎಂ.ಎಲ್.
ಫಿನಾಫ್ತಲೀನ್ ಎರಡೇ ಹನಿ.
ಪರದೆಯಲ್ಲಿ ಮೂವತ್ತೆರಡು ಚೌಕ,
ಹೆಚ್ಚಿನವು ಕಪ್ಪು, ಒಳಗೆ ಒಂದೊಂದು ಮೊದಲಕ್ಷರ.
ಹನಿ. ಹನಿ. ಇನ್ನೊಂದು, ಅರ್ಧ ಹನಿ.
ಬಂತು ಬಣ್ಣ,
ನೀರಿಗೆ ಸ್ವಲ್ಪ ನಾಚಿಕೆಯಾದಷ್ಟು.
"ಕಾಣುತ್ತದಾ?"

ಬೋಳಾರಕ್ಕೆ ಮೊದಲು ಕಂಡಿತು.
ಆಮೇಲೆ ಸುರತ್ಕಲ್ಲಿಗೆ, ಮೂಲ್ಕಿಗೆ.
ಮಲ್ಪೆಯಲ್ಲಿ, ಕಟ್ಟಿಹಾಕಿದ ಬೋಟಿನ ಕ್ಯಾಬಿನ್ ಹತ್ತಿ ಕೂತ
ಯತೀನ್ ಮೆಂಡನ್ ಮಾತ್ರ
"ನನ್ನಲ್ಲಿ ಇನ್ನೂ ಬಿಳಿಯೇ ಮೇಡಂ, ಸುತ್ತುತ್ತಾ ಉಂಟು" ಎಂದ.
ಕಾದೆವು.
ನಲವತ್ತು ಸೆಕೆಂಡಿನ ಮೇಲೆ "ಬಂತು, ಬಂತು!"
ಹಿಂದಿನಿಂದ ಯಾರದೋ ಮುದಿ ದನಿ,
"ದಾದ ಬತ್ತ್ಂಡ್?"
"ಬಣ್ಣ, ಅಜ್ಜ."

ಉಳ್ಳಾಲದ ಸಫ್ರೀನಾಳಿಗೆ ಫೋನು ಸಿಗುವುದು
ಅಣ್ಣ ಟೆಂಪೋ ನಿಲ್ಲಿಸಿ ಬಂದ ಮೇಲೆ.
ಹಾಗಾಗಿ ರಾತ್ರಿ ಒಂಬತ್ತಕ್ಕೆ ಇನ್ನೊಂದು ತರಗತಿ
ನನ್ನ ಅಡುಗೆ ಮನೆಯಿಂದ, ಅವಳೊಬ್ಬಳಿಗೆ.
ಪುನರ್ಪುಳಿ ಶರಬತ್ತಿಗೆ ಚಿಟಿಕೆ ಸೋಡಾ ಹಾಕಿ ನೋಡು ಎಂದೆ.
ಅವಳ ಲೋಟದಲ್ಲಿ ಕೆಂಪು ಕದಡಿತು, ನೀಲಿಯಾಗಲು ಹೋಗಿ ಬೂದಿಯಾಯಿತು.
ಅವಳ ಉಮ್ಮನಿಗೆ
ಒಂದು ಲೋಟ ಶರಬತ್ತು ಹೋದದ್ದೇ ಸಂಕಟ.

ಹುಡುಗರ ಹಾಸ್ಟೆಲಿನ ಕೀ ಆರೋಗ್ಯ ಇಲಾಖೆಗೆ ಹೋಯಿತು.
ವಾರ್ಡನ್ ಬಲ್ಲಾಳರು ಕಿವಿಗೆ ಫೋನು ಒತ್ತಿಕೊಂಡು
ಒಂದೊಂದೇ ರೂಮು ಖಾಲಿ ಮಾಡಿಸಿದರು:
"ಹದಿನೇಳು, ನೀಲಿ ಟ್ರಂಕು, ನಿನ್ನದಾ?
ಒಳಗೆ ಎಂತ ಉಂಟು? ಉಪ್ಪಿನಕಾಯಿಯಾ?
ಮಾರಾಯ, ಅದು ಈಗ ಬೇರೆ ಏನೋ ಆಗಿದೆ."
ಆ ಮಂಚಗಳಲ್ಲಿ ಕುವೈತಿನಿಂದ ಬಂದವರು ಹದಿನಾಲ್ಕು ದಿನ ಮಲಗಿದರು.
ಯಾರೋ ಹುಡುಗ ಗೋಡೆಯ ಮೇಲೆ
ಪೆನ್ಸಿಲಿನಲ್ಲಿ ಬರೆದ ಸಮೀಕರಣ.
ಅದನ್ನೇ ನೋಡಿ ನೋಡಿ ಒಬ್ಬರು
ಹೊರಡುವ ಬೆಳಿಗ್ಗೆ ಆಮ್ಲಜನಕದ ಹಿಂದೆ
ಬಿಟ್ಟುಹೋದ ಎರಡನ್ನು ಬರೆದು ಹೋಗಿದ್ದರು.
ಅವರ ಹೆಸರು ರಿಜಿಸ್ಟರಿನಲ್ಲಿ ಇರಬಹುದು, ನಾನು ಹುಡುಕಲಿಲ್ಲ.

ಗಿಲ್ಬರ್ಟ್ ನಿವೃತ್ತನಾದದ್ದು ಆಗಸ್ಟಿನಲ್ಲಿ.
ಬೀಳ್ಕೊಡುಗೆಯೂ ಪರದೆಯಲ್ಲೇ.
ಹೊಸ ಶರ್ಟು, ಹಿಂದೆ ಗೋಡೆಯಲ್ಲಿ ಶಿಲುಬೆ,
ನಾಲ್ಕು ನಿಮಿಷ ಮಾತಾಡಿದ,
ಕೈ ಎತ್ತಿ, ಒಮ್ಮೆ ನಕ್ಕು, ಒಮ್ಮೆ ಕನ್ನಡಕ ತೆಗೆದು.
ಮೈಕು ಬಂದ್ ಇತ್ತು.
ಅರವತ್ತು ಜನ ಇದ್ದೆವು,
ಒಬ್ಬರೂ ಹೇಳಲಿಲ್ಲ.
ಚಪ್ಪಾಳೆ ಮಾತ್ರ ತಟ್ಟಿದೆವು, ಅದೂ
ಅವನಿಗೆ ಕೇಳಿಸಿತೋ ಇಲ್ಲವೋ.

ಜನವರಿ. ಅಂಗಳದಲ್ಲಿ ಸುಣ್ಣದ ವೃತ್ತಗಳು,
ಒಂದು ಬಿಟ್ಟು ಒಂದು ಬೆಂಚಿಗೆ ಚಾಕಿನ ಅಡ್ಡಗೆರೆ.
ಮೂವತ್ತೆರಡರಲ್ಲಿ ಹದಿನಾರು, ನಾಳೆ ಉಳಿದವರು.
ಮಾಸ್ಕಿನ ಮೇಲೆ ಬರೀ ಕಣ್ಣು.
"ನೀನು ಯಾರು?"
"ಯತೀನ್, ಮೇಡಂ."
"ಹಿಂದೆ ಐಸ್ ಪುಡಿ ಮಾಡುವ ಸದ್ದಿಲ್ಲದೆ
ಗೊತ್ತೇ ಆಗಲಿಲ್ಲ ನೋಡು."

ಸ್ಟ್ಯಾಂಡಿನಲ್ಲಿ ಗಿಲ್ಬರ್ಟನ ಗಂಟು ಹಾಗೆಯೇ ಇತ್ತು.
ಅದರ ಪಕ್ಕದಲ್ಲೇ ಬ್ಯುರೆಟ್ ಸಿಕ್ಕಿಸಿ
ಯತೀನ್ ತಿರುಪು ತಿರುಗಿಸಿದ,
ಎಡಗೈಯಲ್ಲಿ ಫ್ಲಾಸ್ಕ್ ಅಲ್ಲಾಡಿಸುತ್ತ
ಕಾದ. ಅವನಿಗೆ ಕಾಯುವುದು ಗೊತ್ತು.
ತಿಳಿಗುಲಾಬಿ ಬಂದದ್ದು ಕಂಡಿತು, ಕೈ ನಿಲ್ಲಲಿಲ್ಲ.
ಎರಡು, ಮೂರು, ನಾಲ್ಕು ಹನಿ,
ರಾಣಿ ಬಣ್ಣ ತುಂಬಿಹೋಯಿತು ಫ್ಲಾಸ್ಕಿನ ತುಂಬ.

"ಇಷ್ಟು ಬೇಗ ಬರುತ್ತದಾ ಮೇಡಂ, ಇದು?"

ತೊಳೆದ ಫ್ಲಾಸ್ಕ್ ಇನ್ನೊಂದು
ಅವನ ಕಡೆ ಸರಿಸಿದೆ.