ಕೈ ಹೋಗುವ ಜಾಗ

ಹಳೇ ಎಂಜಿನ್ನು ಇಳಿಸಿದ್ದು ಗುಡ್‌ಫ್ರೈಡೆ ಮಾರನೇ ದಿನ.
ಮೂರು ಸರ್ವೆ ಗಳು, ಒಂದು ಚೈನ್ ಪುಲ್ಲಿ,
ಗಾಂಧಿನಗರದ ಅರ್ಧ ಬೀದಿ ನಮ್ಮ ಗೇಟಿನ ಮುಂದೆ.
ಅಶೋಕಪುರಂ ವರ್ಕ್‌ಶಾಪಿನಲ್ಲಿ ರೈಲುಡಬ್ಬಿ ಎತ್ತುವ ಕೈ ಇವರದು,
ಆದರೂ ಆವತ್ತು ನಡುಗಿತು.
"ಹುಷಾರು ಚೌರಣ್ಣ, ಹುಷಾರು," ಅಂದ ಸನಾವುಲ್ಲಾ.
ತೂಗಿತು ಅದು ಗಾಳಿಯಲ್ಲಿ, ಎಣ್ಣೆ ತೊಟ್ಟಿಕ್ಕುತ್ತ,
ಯಾರ ಕಡೆಗೂ ಮುಖ ಮಾಡದೆ.

ಅಂಬಾಸಿಡರ್, ಮಾರ್ಕ್ ಟೂ, ಇವರಪ್ಪನ ಕಾಲದ್ದು.
ಬೆಟ್ಟದ ಎರಡನೇ ತಿರುವಿಗೇ ಕುದಿಯುತ್ತಿತ್ತಂತೆ;
ಬಾನೆಟ್ ಎತ್ತಿ, ಕ್ಯಾನಿನ ನೀರು ಹೊಯ್ದು,
ಸಿಟಿಬಸ್ಸಿನವರು ನಕ್ಕು ಮುಗಿಸುವ ತನಕ ನಿಲ್ಲುತ್ತಿದ್ದರಂತೆ.
ನಾನು ಕಂಡದ್ದಲ್ಲ, ಕೇಳಿದ್ದು.
ಈ ಮನೆಗೆ ನಾನು ಬಂದದ್ದು ಹೋದ ಸೆಪ್ಟೆಂಬರು.

ಮಂಡಿ ಮೊಹಲ್ಲಾದ ಗುಜರಿಯಲ್ಲಿ ಸಿಕ್ಕಿದ ಇಸುಜು,
ಯಾವ ಗಾಡಿಯಲ್ಲಿತ್ತೋ, ಯಾರ ಮನೆಗೆ ದುಡಿದಿತ್ತೋ.
ಸೀಮೆಎಣ್ಣೆಯಲ್ಲಿ ತೊಳೆದರೆ
ಸಂದುಗಳಿಂದ ಇಳಿಯಿತು ಬೇರೆ ಊರಿನ ಕೆಮ್ಮಣ್ಣು.
"ಒಳ್ಳೇ ಮನೆತನದ್ದು, ಚೌರಣ್ಣ. ದನೀನೂ ಮೆತ್ತಗೆ."
ಇವರು ನನ್ನ ಕಡೆ ನೋಡಿದರು.
ನಾನು ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ.

ಕೂರಲಿಲ್ಲ ಅದು ಸುಲಭಕ್ಕೆ.
ಹಳೇ ಮೌಂಟಿಂಗು ಒಂದು ಕಡೆ, ಇದರ ಕಿವಿ ಇನ್ನೊಂದು ಕಡೆ.
ಸಂಪು ಅಡ್ಡಪಟ್ಟಿಗೆ ಉಜ್ಜಿತು,
ಫ್ಯಾನು ರೇಡಿಯೇಟರಿಗೆ ಬಾಯಿ ಹಾಕಿತು.
ಮೊದಲು ರಟ್ಟಿನಲ್ಲಿ ಅಳತೆ, ಆಮೇಲೆ ತಗಡಿನಲ್ಲಿ, ಆಮೇಲೆ ಕಬ್ಬಿಣದಲ್ಲಿ.
ಬನ್ನಿಮಂಟಪದ ಲೇತಿಗೆ ಹೋದ ಪ್ರೊಪೆಲ್ಲರ್ ಶಾಫ್ಟು
ನಾಲ್ಕು ಬೆರಳು ಗಿಡ್ಡವಾಗಿ ಮನೆಗೆ ಬಂತು.
ಐದು ಭಾನುವಾರ.
ಗಾಡಿಯನ್ನು ಎಷ್ಟು ಕೊಯ್ದರು, ಎಂಜಿನ್ನನ್ನು ಎಷ್ಟು ತೀಡಿದರು,
ಲೆಕ್ಕ ಇಟ್ಟೆ ನಾನು, ಯಾಕೋ.

ಅಡುಗೆಮನೆಯ ಹಲಗೆ ರೋಸಲಿನ್ ಹೇಳಿ ಮಾಡಿಸಿದ್ದು.
ಎತ್ತರದ ಹೆಂಗಸಂತೆ. ಫೋಟೋದಲ್ಲಿ ಗೊತ್ತಾಗುವುದಿಲ್ಲ.
ಹುಣಿಸೆಹಣ್ಣಿನ ಡಬ್ಬಕ್ಕೆ ಏಳು ತಿಂಗಳು ನಾನು ಮಣೆ ಹತ್ತಿದೆ.
ವೆಲ್ಡಿಂಗ್ ರಾಡು ಮಿಕ್ಕಿದ್ದ ಒಂದು ಸಂಜೆ ಕೇಳಿದೆ:
"ಆ ಹಲಗೆ ಕೈಗಳನ್ನೂ ಒಂದು ಗೇಣು ಇಳಿಸ್ತೀರಾ?"
ಇವರು ಕಪ್ಪು ಕನ್ನಡಕ ತೆಗೆಯಲಿಲ್ಲ.
ಹಾಗೇ ಕೂತಿದ್ದು, ಬಹಳ ಹೊತ್ತಿಗೆ,
"ಅಳತೆ ಕೊಡು" ಅಂದರು.
ಗೋಡೆಗೆ ನಿಂತು ಕೈ ಎತ್ತಿದೆ.
ಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ.

ಸ್ಟಿಯರಿಂಗಿನ ಕತ್ತಿಗೆ ಆತುಕೊಂಡಿದ್ದ ಗೇರು ಹೋಯಿತು.
ಹೊಸದು ನೆಲದಿಂದ ಏಳುತ್ತದೆ,
ಅದಕ್ಕೆ ಮುಂದಿನ ಉದ್ದ ಸೀಟು ಕೊಯ್ಯಬೇಕು.
ಜೆಸಿಂತಾ ಅತ್ತದ್ದು ಆಗ.
ಎಂಜಿನ್ ಇಳಿದಾಗ ಇಲ್ಲ, ಹಲಗೆ ಇಳಿದಾಗಲೂ ಇಲ್ಲ.
ಆ ಸೀಟಿನ ನಡುವೆ ಕೂರುತ್ತಿದ್ದಳಂತೆ,
ಆ ಕಡೆ ಅಪ್ಪ, ಈ ಕಡೆ ಅಮ್ಮ.
ಈಗ ಅಲ್ಲಿ ಕಪ್ಪು ಗುಂಡಿನ ಒಂದು ಕಂಬಿ.
ಸಮಾಧಾನಕ್ಕೆ ನನ್ನಲ್ಲಿ ಮಾತಿರಲಿಲ್ಲ;
ಕೊಯ್ದ ರೆಕ್ಸಿನ್ ತುಂಡು ಒರೆಸಿ, ಮಡಚಿ
ಅವಳ ಸ್ಕೂಲ್ ಬ್ಯಾಗಿನ ಬದಿಜೇಬಿಗೆ ಇಟ್ಟೆ.

ಆರ್‌ಟಿಓದವರು ಪುಸ್ತಕದಲ್ಲಿ ತಿದ್ದಿಕೊಟ್ಟರು:
ಚಾಸಿ ನಂಬರು ಅದೇ, ಎಂಜಿನ್ ನಂಬರು ಬೇರೆ.
ಹಳೆಯದರ ಮೇಲೆ ಕೆಂಪು ಶಾಯಿಯ ಗೆರೆ ಇದೆ.
ಓದಲು ಬರುತ್ತದೆ ಇನ್ನೂ.

ಬೆಟ್ಟ ಹತ್ತಿದೆವು.
ಎರಡನೇ ತಿರುವು ಬಂತು, ಹೋಯಿತು,
ಕಾಲಡಿಯ ಕ್ಯಾನು ತುಂಬಿದ ಹಾಗೇ ಇತ್ತು.
ಇವರ ಎಡಗೈ ಮಾತ್ರ ಪ್ರತಿ ತಿರುವಿಗೂ
ಸ್ಟಿಯರಿಂಗ್ ಪಕ್ಕಕ್ಕೆ ಹೋಗಿ, ಗಾಳಿ ಹಿಡಿದು,
ನೆನಪಾಗಿ, ಕೆಳಗಿಳಿಯುವುದು.

ಕೆಲವು ಸಲ, ನಿದ್ದೆಗಣ್ಣಲ್ಲಿ,
"ರೋಸ್ಲೀ, ನೀರು" ಅನ್ನುತ್ತಾರೆ.
ತಂದುಕೊಡುತ್ತೇನೆ.

ಇಳಿಯುವಾಗ, ಲಲಿತಮಹಲ್ ಕಾಣುವಲ್ಲಿ,
ಕೈ ಮತ್ತೆ ಗಾಳಿಗೆ ಹೋಯಿತು.
ಹಿಂದಿನ ಸೀಟಿಂದ ಜೆಸಿಂತಾ: "ಅಪ್ಪಾ, ಕೆಳಗೆ!"
ನಕ್ಕೆವು. ಮೊದಲು ಅವಳು, ಆಮೇಲೆ ಇವರು,
ನಾನು, ಮೂರನೇ ಗೇರು ಬಿದ್ದ ಮೇಲೆ.