ಹದಿಮೂರು ನಕ್ಷತ್ರ

ಅಂಗಡಿ ಸಾಗರದಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ.
ಹದ್ದು, ಹುಲಿ, ಕೆಂಡಗಣ್ಣಿನ ದೇವರು,
ಕುಲದ ಹೆಸರು, ಆ ಹೆಸರಿಗೊಂದು ಕಿರೀಟ,
'ಅಮ್ಮನ ಆಶೀರ್ವಾದ', 'ಮಾವ ಕೊಟ್ಟಿದ್ದಲ್ಲ',
ಹೇಳಿದ್ದನ್ನು ಕತ್ತರಿಸಿ ಅಂಟಿಸುತ್ತೇನೆ.
ಅಳತೆ ಕೇಳುತ್ತೇನೆ. ಅರ್ಥ ಕೇಳುವುದಿಲ್ಲ.

ಪದ್ಮರಾಜ ಮೊಬೈಲು ಚಾಚಿ ತೋರಿಸಿದ:
ಕೆಂಪು ನೆಲ, ಅದರ ಮೇಲೆ ಕತ್ತರಿಯ ಹಾಗೆ ನೀಲಿ ಪಟ್ಟಿ ಎರಡು,
ಪಟ್ಟಿಯುದ್ದಕ್ಕೂ ಬಿಳಿ ಚುಕ್ಕಿ.
'ರೆಬೆಲ್‌ಗಳದ್ದು ಮಾರಾಯ, ಗೇಮಲ್ಲಿ ಒಂದು ಕಾರಿನ ಮೇಲಿತ್ತು.
ಬಾನೆಟ್ಟಿನ ತುಂಬ ಬರ್ಬೇಕು.'
ನಕ್ಷತ್ರ ಎಣಿಸಿದೆ, ಹದಿಮೂರು.
ಒಂದೊಂದಕ್ಕೂ ಹೊರಮೂಲೆ ಐದು, ಒಳಮೂಲೆ ಐದು,
ಉಸಿರು ಹಿಡಿದು ನೂರ ಮೂವತ್ತು ಸಲ
ಬ್ಲೇಡು ತಿರುಗಿಸಬೇಕು.
ಸಾವಿರದ ಇನ್ನೂರು ಕೊಟ್ಟ. ಚಹಾ ಕುಡಿಸಿದ.
ಒಳ್ಳೆಯ ಕೆಲಸವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೊಡಚಾದ್ರಿಗೆ ಜನ ಹತ್ತಿಸುವ ಜೀಪುಗಳು
ನಿಟ್ಟೂರಿನಲ್ಲಿ ಸಾಲು ನಿಲ್ಲುತ್ತವೆ.
ಪದ್ಮರಾಜನದು ನಾಲ್ಕನೆಯದು, ಮಿಂಗೇಲನದು ಐದನೆಯದು.
ಮಿಂಗೇಲ ಸಿದ್ದಿ.
ಗುಂಗುರು ಕೂದಲ ಮೇಲೆ ಟೋಪಿ ಎಷ್ಟು ಇಳಿಸಿ ಕೂತರೂ
ಹತ್ತಿದವರಲ್ಲಿ ಒಬ್ಬರಾದರೂ ಕೇಳುತ್ತಾರೆ
ಇಂಗ್ಲಿಷಿನಲ್ಲಿ, ಯಾವ ದೇಶ?
ಅವನು ಗೇರು ಬದಲಿಸುತ್ತ
ಕನ್ನಡದಲ್ಲಿ ಹೇಳುತ್ತಾನೆ, ಯಲ್ಲಾಪುರ.

ಮಗಳು ಲೂಸಿಯಾ, ಶಿವಮೊಗ್ಗದಲ್ಲಿ ಬಿ.ಎ.,
ರಜೆಗೆ ಬಂದವಳು, ಬುತ್ತಿ ಕೊಡಲು ಬಂದವಳು
ಆ ಬಾನೆಟ್ಟಿನ ಮುಂದೆ ನಿಂತೇಬಿಟ್ಟಳಂತೆ.
'ಅಪ್ಪ, ಇದು ನಮ್ಮಂಥೋರನ್ನ ಸಂತೇಲಿ ಮಾರ್ತಿದ್ದೋರ ಬಾವುಟ.
ಮಾರೋದು ಬಿಡಲ್ಲ ಅಂತ ಯುದ್ಧಾನೇ ಮಾಡಿದ್ರು.'

ಯೂನಿಯನ್ ಸಭೆ, ಟಿಕೆಟ್ ಕೌಂಟರಿನ ಕಟ್ಟೆಯಲ್ಲಿ.
ಅಂಟಿಸಿದವನು ಅಂತ ನನ್ನನ್ನೂ ಕರೆಸಿದರು.
ಕಾರ್ಯದರ್ಶಿ ವಾಸಪ್ಪ ನಕ್ಕರು:
'ಎಲ್ಲಿಯ ಅಮೆರಿಕ, ಎಲ್ಲಿಯ ನಿಟ್ಟೂರು!
ಇಲ್ಲಿ ಯಾರಿಗೆ ಗೊತ್ತಾಗ್ತದೆ?'
'ನಂಗೆ ಗೊತ್ತಾಯ್ತಲ್ಲ' ಅಂದ ಮಿಂಗೇಲ.
ಪದ್ಮರಾಜನ ಕಿವಿ ಕೆಂಪಾಯಿತು.
'ನನ್ನ ಜೀಪು, ನನ್ನ ದುಡ್ಡು. ನಾನು ಯಾರಿಗೆ ಏನಂದೆ?
ನಿಮ್ಮೋರನ್ನ ತಂದೋರು ಪೋರ್ಚುಗೀಸರು.
ಆ ಕಡಲೇ ಬೇರೆ, ಈ ಕಡಲೇ ಬೇರೆ.'
'ಹಡಗು ಬೇರೆ, ಹೌದು' ಅಂದ ಮಿಂಗೇಲ. 'ಹಗ್ಗ?'

ಹಿಂದಿನಿಂದ ಯಾರೋ,
'ಹಂಗಾರೆ ಎಲ್ಲರ ಸ್ಟಿಕರ್ರೂ ನೋಡ್ಬೇಕಾಗ್ತದೆ.'
ಇಪ್ಪತ್ತೆರಡು ಜೀಪಿನವರು
ತಮ್ಮ ತಮ್ಮ ಗಾಜಿನ ಕಡೆ ನೋಡಿಕೊಂಡರು.
ಕಿರೀಟ, ಮೀಸೆ, ಕೆಂಡಗಣ್ಣು,
ಎಲ್ಲವೂ ನನ್ನ ಕೈಕೆಲಸ.
ನಾನು ಬಗ್ಗಿ
ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡೆ.
ವಾಸಪ್ಪ ಚಹಾ ತರಿಸಿದರು. ಸಭೆ ಮುಂದಕ್ಕೆ ಹೋಯಿತು.

ಈಗ ಪದ್ಮರಾಜ ಬಾನೆಟ್ಟಿಗೆ ಟಾರ್ಪಾಲು ಹೊದಿಸುತ್ತಾನೆ,
ಮಿಂಗೇಲ ಸಾಲಿನಲ್ಲಿದ್ದರೆ ಮಾತ್ರ.
ಗುಡ್ಡ ಹತ್ತುವ ತಿರುವಿನಲ್ಲಿ ನಿಲ್ಲಿಸಿ ತೆಗೆಯುತ್ತಾನೆ.
ಇದು ಮರ್ಯಾದೆಯೋ ಹಠವೋ
ಅವನಿಗೂ ಗೊತ್ತಿರಲಿಕ್ಕಿಲ್ಲ.

ಮೊನ್ನೆ ಮಿಂಗೇಲ ಅಂಗಡಿಗೆ ಬಂದ.
'ಮುಂದಿನ ಗಾಜಿಗೆ ಊರ ಹೆಸರು ಬೇಕು. ಯಲ್ಲಾಪುರ.
ದೊಡ್ಡದಾಗಿ, ಬಿಳೀದು. ಕೇಳೋರು ಓದ್ಕೊಳ್ಳಲಿ.'
'ಕನ್ನಡದಲ್ಲೇ?'
'ಕನ್ನಡದಲ್ಲೇ.'

ಬಿಳಿ ಹಾಳೆ ಮುಗಿದಿತ್ತು. ಉಳಿದದ್ದು ಒಂದೇ,
ಹದಿಮೂರು ತೂತಿನದು.
ತೂತುಗಳ ನಡುವೆ ಅಕ್ಷರ ಕೂರಿಸಿದೆ.
'ಲ್ಲಾ'ದ ಒತ್ತು ಒಂದು ನಕ್ಷತ್ರದ ಮೂಲೆಗೆ ತಾಗಿತು,
ಚೂರು ಕಿರಿದು ಮಾಡಿದೆ.

ದುಡ್ಡು ಬೇಡ ಅಂದೆ.
'ಅವನ ಹತ್ರ ತಗಂಡಿದ್ದೀಯಲ್ಲ, ನನ್ನ ಹತ್ರಾನೂ ತಗ'
ಎಂದು ನೂರೈವತ್ತು ಎಣಿಸಿಟ್ಟ.
ಹಾಳೆ ಯಾವುದೆಂದು ನಾನು ಹೇಳಲಿಲ್ಲ.
ಗಾಜಿನ ಮೇಲೆ, ಒಣಗುವ ಮೊದಲೇ,
ಅಕ್ಷರದ ಮೇಲೆ ಅಕ್ಷರ ಬೆರಳು ಸವರುತ್ತ ಬಂದವನು
'ಲ್ಲಾ'ದ ಹತ್ತಿರ ನಿಂತ.
'ಇದೊಂದು ಯಾಕೆ ಚಿಕ್ಕದಾಯ್ತು?' ಅಂದ.