ನೀರು ಮಗ್ಗಲು ಬದಲಿಸಿದ ರಾತ್ರಿ

ಇಳಕಲ್ಲಿನ ಕೆಂಪು ಕಲ್ಲು ಲಾರಿ ಹತ್ತಿ ಹೋದ ಮೇಲೆ
ಉಳಿದದ್ದು ಈ ತಗ್ಗು. ಅರವತ್ತು ಅಡಿ.
ಗೋಡೆಯ ಮೇಲೆ ಇನ್ನೂ ಡ್ರಿಲ್ಲಿನ ಗೀರು,
ಅದರಲ್ಲಿ ನಾಲ್ಕಾರು ನಾನೇ ಹೊಡೆದವು.
ಹದಿನಾಲ್ಕು ಮಳೆಗಾಲದ ನೀರು
ಯಾರೂ ಕರೆಯದೆ ಬಂದು ಕೂತಿದೆ.

ಈಗ ಅದರ ಮೇಲೆ ಆರು ಪಂಜರ, ನೀಲಿ ಡ್ರಮ್ಮು, ನೈಲಾನ್ ಬಲೆ,
ಬಲೆಯೊಳಗೆ ನಾಲ್ಕು ಸಾವಿರ ಜಿಲೇಬಿ ಮೀನು.
(ಹೆಸರಷ್ಟೇ ಜಿಲೇಬಿ. ಸಿಹಿ ಏನಿಲ್ಲ.)
ನನ್ನ ಕೈಯಲ್ಲಿ ಸುತ್ತಿಗೆಯ ಬದಲು
ದಾರಕ್ಕೆ ಕಟ್ಟಿದ ಥರ್ಮಾಮೀಟರು.

ಇಪ್ಪತ್ತೆಂಟು ತೋರಿಸಿದರೆ
ಮೀನು ಮದುವೆಮನೆಯ ಮೊದಲ ಪಂಕ್ತಿ,
ಬಡಿಸುವವನ ಕೈಯನ್ನೇ ಕಚ್ಚುವಂಥ ಗದ್ದಲ.
ಇಪ್ಪತ್ತೆರಡಾದರೆ ಅದೇ ಮೀನು
ಎಲೆಯ ಮುಂದೆ ಕೂತ ಜ್ವರದವರು.

ಕಾಳಿನ ಲೆಕ್ಕ ಮಾಬೂಬಿಯದು.
ಸೀರೆಯ ಒಡಲಿಗೂ ಸೆರಗಿಗೂ
ಎಳೆ ಎಳೆಯಾಗಿ ಕೊಂಡಿ ಹಾಕುತ್ತಿದ್ದ ಬೆರಳು
ಈಗ ಹಿಂಡಿ, ತೌಡು, ಮೀನಿನ ಪುಡಿ ಹಿಸುಕಿ ನೋಡುತ್ತದೆ.
ಬೂಸ್ಟು ಹಿಡಿದ ಚೀಲವನ್ನು ಮೂಗೇ ಹೇಳುತ್ತದೆ.
ಕಾರ್ತಿಕ ಮುಗಿಯುತ್ತಿದ್ದಂತೆ ಹೇಳಿದಳು:
"ಯಲಗೂರಪ್ಪಾ, ನಮ್ಮ ಮೈಯಾಗ ನಮ್ಮ ಒಲಿ ಐತಿ.
ಮೀನಕ್ಕ ನೀರ ಒಲಿ.
ಉರಿ ಸಣ್ಣಾದ ಮ್ಯಾಲ
ಗಡಗಿ ತುಂಬ ಅಕ್ಕಿ ಸುರದ್ರ ಬೇಯ್ತದೇನು?"

ಆದರೆ ಮಾಲೀಕರ ಫೋನು:
ಹೊಸ ವರ್ಷಕ್ಕೆ ಒಂದೊಂದೂ ಅರ್ಧ ಕಿಲೋ ತೂಗಬೇಕು,
ಚೀಲ ಉಳಿಯಬಾರದು.
ಉಳಿಸಲಿಲ್ಲ.
ಇಪ್ಪತ್ನಾಲ್ಕು. ಇಪ್ಪತ್ತೆರಡು. ಇಪ್ಪತ್ತೊಂದು.
ಕಾಳು ನೀರಿನ ಮೇಲೆ ತೇಲಿ, ಸಂಜೆಗೆ ಉಬ್ಬಿ, ಮೆತ್ತಗಾಗಿ,
ಒಂದೊಂದೇ ಬಲೆ ಹಾದು ಕೆಳಗಿಳಿಯುವುದನ್ನು ನೋಡಿದೆ.
ವಹಿಯಲ್ಲಿ ಬರೆದೆ: ತಿಂದವು.

ಎಳ್ಳಮಾಸಿಯ ಹಿಂದಿನ ರಾತ್ರಿ
ಚಂದ್ರನಿಲ್ಲ. ಬಡಗಣ ಗಾಳಿ ಕಲ್ಲನ್ನೂ ನಡುಗಿಸಿತು.
ಮೇಲಿನ ನೀರು ತಣ್ಣಗಾಗಿ, ಭಾರವಾಗಿ, ಕೆಳಗಿಳಿಯಿತು.
ತಳದ ನೀರು,
ಬಿಸಿಲನ್ನೇ ಕಾಣದೆ ನಮ್ಮ ಎಂಜಲ ಮೇಲೆ ಮಲಗಿದ್ದು,
ಮಗ್ಗಲು ಬದಲಿಸಿತು.

ನಾಲ್ಕು ಗಂಟೆಗೆ ನನ್ನನ್ನು ಎಬ್ಬಿಸಿದ್ದು ವಾಸನೆ.
ಕೊಳೆತ ತತ್ತಿಯದು.
ಆಮೇಲೆ ಸದ್ದು: ಚಪ್ ಚಪ್ ಚಪ್,
ನಾಲ್ಕು ಸಾವಿರ ಬಾಯಿ ಗಾಳಿಯನ್ನು ಅಗಿಯುತ್ತಿವೆ.
ಪಂಪು ಹಚ್ಚಿದೆ. ಪೈಪಿನ ನೀರನ್ನು ಗೋಡೆಗೆ ಅಪ್ಪಳಿಸಿದೆ,
ನನ್ನದೇ ಹಳೆಯ ಗೀರುಗಳ ಮೇಲೆ,
ಒಡೆದು ಹನಿಯಾಗಿ ಉಸಿರು ಹೊತ್ತು ಬೀಳಲಿ ಎಂದು.
ಬೆಳಕಾಗುವಷ್ಟರಲ್ಲಿ
ಸಾವಿರದ ನೂರ ಮೂವತ್ತು ಬಿಳಿ ಹೊಟ್ಟೆ.

ಮಾಬೂಬಿ ಬಯ್ಯಲಿಲ್ಲ.
ಒಂದನ್ನು ಎತ್ತಿ ಕಲ್ಲ ಮೇಲಿಟ್ಟು ಬ್ಲೇಡಿನಿಂದ ಸೀಳಿದಳು.
ಕರುಳಿನ ತುಂಬ ಕಾಳು,
ಕಾಳಿನ ಬಣ್ಣ ಕೂಡ ಬಿಟ್ಟಿರಲಿಲ್ಲ.
"ನೋಡು" ಅಂದಳು. ಅಷ್ಟೇ.
ಸುಣ್ಣ ಹಾಕಿ ಮುಚ್ಚುವ ಕುಣಿ ಇಬ್ಬರೂ ತೋಡಿದೆವು.

ಅವತ್ತು ಸುತ್ತಲ ಹೊಲಗಳಲ್ಲಿ ಜನ ಚರಗ ಚೆಲ್ಲುತ್ತಿದ್ದರು.
ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಲೆ,
ಜೋಳದ ಸಾಲಿಗೆ ಒಂದು ತುತ್ತು, ಬದುವಿಗೆ ಒಂದು,
ಇಡೀ ಭೂಮಿಗೆ ಊಟ.
ಒಬ್ಬ ಹುಡುಗಿ ದಂಡೆಗೆ ಬಂದು
ಮೀನಕ್ಕೂ ಒಂದು ಕಡಬು ಹಾಕಲೇ ಎಂದಳು.
ಮಾಬೂಬಿ ಅವಳ ಕೈ ಹಿಡಿದು ತಡೆದು,
ಕಡಬನ್ನು ತಾನೇ ಇಸಿದುಕೊಂಡು ಅರ್ಧ ನನಗೆ ಕೊಟ್ಟಳು.
"ಇವತ್ತ ಅವಕ್ಕ ಉಪವಾಸನ ಔಷಧಿ, ಅವ್ವಾ."

ಕಡಬು ಗಂಟಲಲ್ಲಿ ಇಳಿಯಲು ಹೊತ್ತು ಹಿಡಿಯಿತು.

ಫೋನು ಎರಡು ಸಲ ಬಾರಿಸಿತು, ಬಿಟ್ಟೆ.
ದಾರ ಇಳಿಸಿದೆ. ಕಾದೆ. ಎಳೆದೆ.
ವಹಿಯ ಹೊಸ ಪುಟದಲ್ಲಿ,
ಮೀನಿನ ಪೊರೆ ಅಂಟಿದ ಬೆರಳಿನಿಂದ:
ನೀರು ಹತ್ತೊಂಬತ್ತು.
ಹಾಕಿಲ್ಲ.